ಎತ್ತರ ಇಳಿದಾಗ



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಸಾಹಿತ್ಯ, ಇಲ್ಲವೇ ಇತಿಹಾಸ. ಮೂಳೆಯ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ. ಕುರ್ಚಿಯಿಂದ ಏಳುವಾಗ ಸೊಂಟದ ನೆನಪಾಗುವವರೇ ಹೆಚ್ಚಿರಬೇಕು!

ನಿಮ್ಮ ಹಣಕೋಣದ ಸಾತೇರಿ ದೇವಿಯ ಗುಡಿ ತೆರೆಯುವುದು ವರ್ಷಕ್ಕೆ ಏಳೇ ದಿನ. ಆಗ ದೂರದಲ್ಲಿರುವ ಮಕ್ಕಳು ಊರಿಗೆ ಬರುತ್ತಾರೆ. ‘ಆಯಿ, ಗಿಡ್ಡ ಆಗೋಗಿದ್ಯಲ್ಲೆ!’ ಎನ್ನುತ್ತಾಳೆ ಮಗಳು. ದಿನವೂ ಜೊತೆಗಿರುವ ಸೊಸೆಗೆ ಕಾಣದ್ದು ಅವಳಿಗೆ ಕಾಣುತ್ತದೆ. ಆಯಿಗೂ ಗೊತ್ತು, ಅದೇ ಸೀರೆ ಈಗ ನೆಲ ಗುಡಿಸುತ್ತದೆ, ಸೊಂಟದಲ್ಲಿ ಇನ್ನೊಂದು ಸುತ್ತು ಸಿಕ್ಕಿಸಬೇಕು. ‘ವಯಸ್ಸಾಯ್ತಲ್ಲ ಮಗಾ’ ಎಂದು ನಕ್ಕುಬಿಡುತ್ತಾಳೆ.

ಆ ಉತ್ತರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೆನ್ನಿನ ಮಣಿಮಣಿಯ ನಡುವೆ ಮೆತ್ತೆಗಳಿವೆ. ಹಗಲಿಡೀ ನಿಂತು ನಡೆದಾಗ ಅವು ನೀರು ಕಳೆದುಕೊಳ್ಳುತ್ತವೆ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತವೆ. ಹಾಗಾಗಿ ಬೆಳಗಿನ ಎತ್ತರ ಸಂಜೆಗೆ ಸ್ವಲ್ಪ ಇಳಿದಿರುತ್ತದೆ. ವಯಸ್ಸಾದಂತೆ ಮೆತ್ತೆಗಳೇ ಒಣಗಿ ತೆಳುವಾಗುತ್ತವೆ. ನಲವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು 1 ಸೆಂ.ಮೀ. ಇಳಿದರೆ ಅದು ವಯಸ್ಸಿನ ಪಾಲು. ಆದರೆ ಹರೆಯದ ಎತ್ತರಕ್ಕಿಂತ 4 ಸೆಂ.ಮೀ.ಗೂ ಹೆಚ್ಚು ಕಡಿಮೆಯಾಗಿದ್ದರೆ ಬೆನ್ನಿನ ಮಣಿಯೊಂದು ಕುಸಿದಿರಬಹುದು. ಅದು ಮೂಳೆ ಮುರಿತವೇ. ಕೈ ಮುರಿದರೆ ಊರಿಗೆಲ್ಲ ತಿಳಿಯುತ್ತದೆ. ಬೆನ್ನಿನ ಮುರಿತಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲ. ಬಾವಿಯಿಂದ ಕೊಡ ಎತ್ತುವಾಗ ಚಳಕ್ ಎಂದಿತು, ನಾಲ್ಕು ದಿನ ಎಣ್ಣೆ ತಿಕ್ಕಿದೆವು, ಹೋಯಿತು ಎನ್ನುತ್ತಾರೆ. ನೋವು ಹೋಯಿತು, ಕುಸಿದ ಮಣಿ ಹಾಗೇ ಉಳಿಯಿತು. ಒಂದು ಕುಸಿದವರಿಗೆ ಇನ್ನೊಂದು ಕುಸಿಯುವ ಅಪಾಯ ಹೆಚ್ಚು, ಆಮೇಲೆ ಗೂನು.

ಹರೆಯದಲ್ಲಿ ಎತ್ತರ ಅಳೆದಿಟ್ಟವರು ಯಾರು ಎಂದು ಕೇಳುತ್ತೀರಿ. ಎರಡೂ ಕೈ ಅಡ್ಡಕ್ಕೆ ಚಾಚಿ, ನಡುಬೆರಳ ತುದಿಯಿಂದ ತುದಿಗೆ ಅಳೆಯಿರಿ. ಹೆಚ್ಚಿನವರಲ್ಲಿ ಅದು ಹರೆಯದ ಎತ್ತರಕ್ಕೆ ಹತ್ತಿರವಿರುತ್ತದೆ, ಏಕೆಂದರೆ ಕೈಯ ಮೂಳೆ ಗಿಡ್ಡವಾಗುವುದಿಲ್ಲ. ಕೆಲವರ ಕೈ ಹುಟ್ಟಿನಿಂದಲೇ ಉದ್ದ, ಆದ್ದರಿಂದ ಇದನ್ನು ಸುಳಿವೆಂದಷ್ಟೇ ತಿಳಿಯಿರಿ. ಆಮೇಲೆ ಹಿಮ್ಮಡಿ ತಾಗಿಸಿ ಗೋಡೆಗೆ ಬೆನ್ನಾಗಿ ನಿಲ್ಲಿ. ತಲೆಯ ಹಿಂಭಾಗ ಗೋಡೆಗೆ ತಾಗದೆ ನಡುವೆ ಕೈ ತೂರುವಷ್ಟು ಜಾಗ ಉಳಿದರೆ ಕಾರವಾರಕ್ಕೆ ಹೋಗಿ ಬೆನ್ನಿನ ಎಕ್ಸ್‌ರೇ ತೆಗೆಸಿ. ವರ್ಷಕ್ಕೊಮ್ಮೆ, ಮಕ್ಕಳು ಬಂದಿರುವ ಆ ಏಳು ದಿನಗಳಲ್ಲೇ ಅಳೆದರೆ ಮರೆಯುವುದಿಲ್ಲ.

ಊಟದ ವಿಷಯಕ್ಕೆ ಬರೋಣ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿತು. ಗಂಜಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ. ಆಸುಪಾಸು ಇದೆ, ಬೇಸಿಗೆಗೆ ಮಾತ್ರ ಮಾಡುವ ಅಂಬಲಿ ಮಳೆಗಾಲದಲ್ಲೂ ಒಲೆಯ ಮೇಲಿರಲಿ. ದೊಡ್ಡ ಇಸೋಣಕ್ಕಿಂತ ಮುಳ್ಳುಸಮೇತ ಅಗಿದು ನುಂಗುವ ಸಣ್ಣ ಮೀನು ಮೂಳೆಗೆ ಮೇಲು, ಕಿಸೆಗೂ ಹಗುರ. ಕಾಳಿ ನದಿಯ ಬೆಳಚಿನ ಸುಣ್ಣದ ಬಹುಪಾಲು ಚಿಪ್ಪಿನಲ್ಲಿದೆ, ಅದನ್ನು ನಾವು ಎಸೆಯುತ್ತೇವೆ! ಕರಾವಳಿಯ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲಿಲ್ಲ. ಡಿ ಜೀವಸತ್ವದ ಕೊರತೆಯನ್ನು ರಕ್ತ ಪರೀಕ್ಷೆಯಲ್ಲಿ ನೋಡಿಸಬೇಕು.

ಗಂಡಸರು ಮೂಳೆ ಟೊಳ್ಳಾಗುವುದು ಹೆಂಗಸರ ಕಾಯಿಲೆಯೆಂದು ನಿರಾಳವಾಗಬೇಡಿ. ಬೀಡಿ, ಸಾರಾಯಿ, ದಮ್ಮಿಗೆಂದು ವರ್ಷಗಟ್ಟಲೆ ನುಂಗಿದ ಸ್ಟಿರಾಯ್ಡ್ ಗುಳಿಗೆ ನಿಮ್ಮ ಮೂಳೆಯನ್ನೂ ಟೊಳ್ಳು ಮಾಡುತ್ತವೆ. ಇನ್ನೊಂದು ಮಾತು ಕಟುವಾಗಿಯೇ ಹೇಳುತ್ತೇನೆ: ನೋವಿಗೆಂದು ಮುದುಕರ ಬೆನ್ನನ್ನು ತುಳಿಸುವುದು, ಎಳೆಸುವುದು ಬೇಡವೇ ಬೇಡ, ಟೊಳ್ಳಾದ ಮಣಿ ಕುಸಿದೀತು.

ಮೂಳೆ ಟೊಳ್ಳಾಗಿದೆಯೆಂದು ತಿಳಿದರೆ ಮದ್ದಿದೆ. ವಾರಕ್ಕೊಂದು ಗುಳಿಗೆ, ಕೆಲವರಿಗೆ ವರ್ಷಕ್ಕೊಂದು ಇಂಜೆಕ್ಷನ್. ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು, ಚಹಾದ ಜೊತೆಗಲ್ಲ. ನುಂಗಿ ಅರ್ಧ ಗಂಟೆ ಮಲಗುವಂತಿಲ್ಲ, ಅನ್ನನಾಳ ಸುಟ್ಟೀತು.