ಕಿವಿಗೆ ಕೇಳಿಸದ ಶಬ್ದ

ನನ್ನ ಅನ್ನ ಶಬ್ದದಿಂದಲೇ. ನನ್ನ ಕಾಯಿಲೆಯನ್ನು ಕಂಡುಹಿಡಿದದ್ದೂ ಶಬ್ದವೇ.

ಅಲ್ಟ್ರಾಸೌಂಡ್ ಯಂತ್ರ ಕಿವಿಗೆ ಕೇಳಿಸದ ಶಬ್ದವನ್ನು ದೇಹದೊಳಗೆ ಕಳಿಸಿ, ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತದೆ. ನೀರುಗುಳ್ಳೆಗಳು ಅದರಲ್ಲಿ ಕಪ್ಪಾಗಿ ಕಾಣುತ್ತವೆ.

ನನ್ನ ತಂದೆಗೆ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ. ವಂಶದಲ್ಲಿ ಇಳಿಯುವ ಈ ಬಗೆ ತಂದೆಗೋ ತಾಯಿಗೋ ಇದ್ದರೆ, ಪ್ರತಿ ಮಗುವಿಗೂ ಬರುವ ಸಂಭವ ಶೇಕಡಾ 50. ಅಂಥ ಮನೆಯವರಿಗೆ 15ರಿಂದ 39ರ ವಯಸ್ಸಿನಲ್ಲಿ ಎರಡೂ ಕಿಡ್ನಿ ಸೇರಿ ಕನಿಷ್ಠ 3 ಗುಳ್ಳೆ ಕಂಡರೆ ಕಾಯಿಲೆ ಖಚಿತ.

26ರಲ್ಲಿ ನನ್ನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಪಾಯಸ ಮಾಡಿದರು. "ವಯಸ್ಸು ಚಿಕ್ಕದು, ಮತ್ತೆ ನೋಡಬೇಕು" ಎಂದಿದ್ದರು ವೈದ್ಯರು. 34ರಲ್ಲಿ 4 ಗುಳ್ಳೆ! ಈಗ ಊಟದಲ್ಲಿ ಉಪ್ಪು ಕಡಿಮೆ, ಬಿ.ಪಿ. ಹತೋಟಿಯಲ್ಲಿದೆ.

ಮನೆಯಲ್ಲಿ ಈ ಕಾಯಿಲೆಯಿದ್ದರೆ, ಮದುವೆಗೆ ತೊಡಕೆಂದು ವೈದ್ಯರಿಂದ ಮುಚ್ಚಿಡಬೇಡಿ.