ನಡುಕಕ್ಕೊಂದು ಅಳತೆಗೋಲು

ಕೈ ನಡುಗುವ ಹಿರಿಯರೊಬ್ಬರಿಗೆ ಗುಳಿಗೆ ಬರೆದುಕೊಟ್ಟು, ತಿಂಗಳ ಮೇಲೆ ವೈದ್ಯರು ಕೇಳುತ್ತಾರೆ: “ನಡುಕ ಕಡಿಮೆಯಾಯಿತೇ ಯಜಮಾನರೇ?” “ಪರವಾಗಿಲ್ಲ ಡಾಕ್ಟ್ರೇ” ಎಂಬ ಉತ್ತರ. ಪಕ್ಕದಲ್ಲಿ ಕುಳಿತ ಹೆಂಡತಿ ಇಲ್ಲವೆಂದು ತಲೆಯಾಡಿಸುತ್ತಾರೆ. ಯಾರ ಮಾತನ್ನು ನಂಬುವುದು? ಪಾರ್ಕಿನ್ಸನ್ ಕಾಯಿಲೆಗೆ ಮದ್ದು ಹುಡುಕಿದವರನ್ನೆಲ್ಲ ಕಾಡಿದ ಪ್ರಶ್ನೆಯಿದು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವರ್ಣಿಸಿದಾಗ ಆತನ ಬಳಿ ಇದ್ದದ್ದು ಆರೇ ಜನರ ವಿವರ. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಕಣ್ಣೇ ಆತನ ಅಳತೆಗೋಲು. ಮುಂದೆ ಪ್ಯಾರಿಸ್ಸಿನ ಶಾರ್ಕೋ, ನಾಡಿಬಡಿತವನ್ನು ಗೆರೆಯಾಗಿ ಮೂಡಿಸುವ ಯಂತ್ರವನ್ನೇ ತುಸು ಮಾರ್ಪಡಿಸಿ ರೋಗಿಯ ಮಣಿಕಟ್ಟಿಗೆ ಕಟ್ಟಿದ. ನಡುಕ ಮೊದಲ ಬಾರಿಗೆ ಕಾಗದಕ್ಕಿಳಿಯಿತೆನ್ನಬಹುದು.

1967ರಲ್ಲಿ ಅಮೆರಿಕದ ಕೊಟ್ಜಿಯಾಸ್ ಲೆವೊಡೋಪಾ ಮದ್ದನ್ನು ಮೆಲ್ಲಮೆಲ್ಲನೆ ಏರಿಸಿ ಕೊಟ್ಟಾಗ ಮರಗಟ್ಟಿದವರು ಎದ್ದು ನಡೆದರು. (ನಮ್ಮ ಕಡೆಯ ನಸುಗುನ್ನಿ ಬೀಜದಲ್ಲಿರುವುದೂ ಇದೇ ವಸ್ತು.) ಆದರೆ ನಡುಕ ಹಟಮಾರಿ. ಬಿಗಿತ, ನಿಧಾನಗತಿಗಳು ಮಣಿದರೂ ಕೆಲವರಲ್ಲಿ ಅದು ಜಗ್ಗುವುದಿಲ್ಲ.

ಈಗ ಬಳಕೆಯಲ್ಲಿರುವ, 2008ರಲ್ಲಿ ಪರಿಷ್ಕೃತವಾದ ಅಂಕಪಟ್ಟಿಯಲ್ಲಿ ಸುಮ್ಮನಿರಿಸಿದ ಕೈಯ ತೂಗಾಟ 1 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಒಂದು ಅಂಕ, 3ರೊಳಗೆ ಎರಡು, 10ರವರೆಗೆ ಮೂರು, ಅದನ್ನೂ ಮೀರಿದರೆ ನಾಲ್ಕು. ಇಲ್ಲೊಂದು ಸೂಕ್ಷ್ಮವಿದೆ. ಮೂರರಿಂದ ಎರಡಕ್ಕೆ ಇಳಿದರೆ ಅದೇನು ಮಹಾ ಎನಿಸುತ್ತದೆ. ಆದರೆ 9 ಸೆಂಟಿಮೀಟರ್ ತೂಗುತ್ತಿದ್ದ ಕೈ 2ಕ್ಕೆ ಬಂದಿರಬಹುದು. ಕಾಫಿ ಲೋಟ ಹಿಡಿಯುವವನಿಗೆ ಅದು ಬೇರೆಯೇ ಬದುಕು.

ನಡುಕಕ್ಕೆ ಮನಸ್ಸಿನ ಸಹವಾಸವೂ ಉಂಟು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರೆ ಸಾಕು, ಹೆಚ್ಚುತ್ತದೆ, ನಿದ್ದೆಯಲ್ಲಿ ಮಾಯವಾಗುತ್ತದೆ. ಭರವಸೆಯೂ ಮದ್ದಿನಂತೆ ನಡೆದುಕೊಳ್ಳುತ್ತದೆ. 2001ರಲ್ಲಿ ಕೆನಡಾದ ಸಂಶೋಧಕರು ಬರೀ ಉಪ್ಪುನೀರನ್ನು ಚುಚ್ಚಿದಾಗಲೂ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗಿತ್ತು! ಹಾಗಾಗಿಯೇ ಹೊಸ ಮದ್ದಿನ ಪರೀಕ್ಷೆಯಲ್ಲಿ ಯಾರಿಗೆ ಏನು ಕೊಟ್ಟಿದೆ ಎಂಬುದು ಅಂಕ ಹಾಕುವವರಿಗೂ ತಿಳಿಯಬಾರದು.

ಮದ್ದಿನ ಬಲ ತಿಳಿಯಲು ವೈದ್ಯರ ಸಲಹೆಯಂತೆ ಸುಮಾರು 12 ಗಂಟೆ ಗುಳಿಗೆ ನಿಲ್ಲಿಸಿ, ಬೆಳಿಗ್ಗೆ ಅಂಕ ಹಾಕುತ್ತಾರೆ. ಗುಳಿಗೆ ಕೊಟ್ಟು, ಅದು ಕೆಲಸಕ್ಕೆ ತೊಡಗಿದ ಮೇಲೆ ಮತ್ತೆ ನೋಡುತ್ತಾರೆ. ಮಿದುಳಿಗೆ ವಿದ್ಯುತ್ ತಂತಿ ಅಳವಡಿಸುವ ಶಸ್ತ್ರಚಿಕಿತ್ಸೆ ಬೇಕೇ ಎಂದು ನಿರ್ಧರಿಸುವಾಗ, ಒಟ್ಟು ಅಂಕ ಸುಮಾರು ಮೂರನೆಯ ಒಂದು ಭಾಗದಷ್ಟಾದರೂ ಇಳಿಯಬೇಕೆಂಬುದು ರೂಢಿ. ನಡುಕಕ್ಕೆ ಮಾತ್ರ ಈ ನಿಯಮದಿಂದ ವಿನಾಯಿತಿ: ಗುಳಿಗೆಗೆ ಬಗ್ಗದ ನಡುಕವೂ ಶಸ್ತ್ರಚಿಕಿತ್ಸೆಗೆ ಬಗ್ಗಬಹುದು. ಒಟ್ಟು ಲೆಕ್ಕವನ್ನಷ್ಟೇ ನೋಡಿದರೆ ಅಂಥವರಿಗೆ ಬಾಗಿಲು ಮುಚ್ಚಿದಂತೆಯೇ.

ಅಂಕಗಳ ಜೊತೆಗೆ ಕಾಗದದ ಮೇಲೊಂದು ಸುರುಳಿಯನ್ನೂ ಬರೆಸುವುದುಂಟು. ಗುಳಿಗೆಗೆ ಮುಂಚಿನದು, ನಂತರದ್ದು, ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಜಮಾನರೂ ಹೆಂಡತಿಯೂ ಒಟ್ಟಿಗೇ ಬಗ್ಗಿ ನೋಡುತ್ತಾರೆ.