ಹಿಮಖಂಡದಿಂದ ಹಿಂದಿರುಗುವಾಗ



ಹೊಸಬಾಳೆಯಂಥ ಹಳ್ಳಿಯಲ್ಲಿ ಕುಳಿತವನು ದಕ್ಷಿಣಧ್ರುವದ ಮಾತೆತ್ತಿದರೆ ನಿಮಗೆ ನಗು ಬಂದೀತು. ಆದರೆ ನಮ್ಮ ಸೊರಬ ತಾಲ್ಲೂಕಿನ ಗುಡವಿ ಕೆರೆಯನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ನೀರಿನೊಳಗೆ ನಿಂತ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಸಂಸಾರ ಹೂಡುತ್ತವೆ. ಹಕ್ಕಿಗಳ ಮನೆಗೆ ನೆಂಟನಾಗಿ ಹೋದವನು ಹೇಗಿರಬೇಕು? ಇದರ ಕಟ್ಟುನಿಟ್ಟಾದ ಪಾಠ ಅಂಟಾರ್ಕ್ಟಿಕಕ್ಕೆ ಹೋಗಿಬರುವ ಪ್ರವಾಸಿ ಹಡಗುಗಳಲ್ಲಿ ದೊರೆಯುತ್ತದೆ. ಅದರಲ್ಲೂ ಯಾತ್ರೆಯ ಕಡೆಯ ದಿನಗಳಲ್ಲಿ.

ಈ ಹಡಗುಗಳಲ್ಲಿ ಬಹುಪಾಲು ಅರ್ಜೆಂಟೀನದ ದಕ್ಷಿಣತುದಿಯ ಉಷುವಾಯ ಬಂದರಿನಿಂದ, ಅಲ್ಲಿಯ ಬೇಸಗೆಯಾದ ನವೆಂಬರಿನಿಂದ ಮಾರ್ಚಿಯವರೆಗೆ ಹೊರಡುತ್ತವೆ. ಒಂದು ದಡದಲ್ಲಿ ಒಮ್ಮೆಗೆ ೧೦೦ಕ್ಕಿಂತ ಹೆಚ್ಚು ಮಂದಿ ಇಳಿಯುವಂತಿಲ್ಲ. ಪೆಂಗ್ವಿನ್ ಪಕ್ಷಿಗಳಿಂದ ೫ ಮೀಟರು ದೂರ ನಿಲ್ಲಬೇಕು. ಹಕ್ಕಿ ಎದುರಾದರೆ ದಾರಿ ಬಿಡತಕ್ಕವನು ಮನುಷ್ಯ! ನೆನಪಿಗೆಂದು ಒಂದು ಕಲ್ಲನ್ನೂ ಎತ್ತಿ ತರಬಾರದು. ಜೆಂಟೂ ಪೆಂಗ್ವಿನ್ನಿಗೆ ಆ ಪುಟ್ಟ ಕಲ್ಲುಗಳೇ ಗೂಡಿನ ಸಾಮಗ್ರಿ.

ಕಡೆಯ ಸಲ ದಡ ಬಿಟ್ಟು ಬಂದ ಮೇಲೆ ಕಷ್ಟದ ಕೆಲಸ ಮೊದಲಾಗುತ್ತದೆ. ಪ್ರತಿಯೊಬ್ಬನೂ ಬೂಟಿನ ಅಟ್ಟೆಯನ್ನು ಉಜ್ಜಿ, ಸಂದುಗಳಲ್ಲಿ ಸಿಕ್ಕ ಮಣ್ಣು ಬೀಜಗಳನ್ನು ಹೆಕ್ಕಿ ತೆಗೆದು, ಔಷಧದ ನೀರಿನಲ್ಲಿ ಅದ್ದಬೇಕು. ಹೊರಡುವ ಮುನ್ನವೂ ಪ್ರತಿ ದಡ ಇಳಿಯುವ ಮುನ್ನವೂ ಇದೇ ಶುದ್ಧಿ. ಇಷ್ಟು ಮಡಿ ಏತಕ್ಕೆ ಎನ್ನುವಿರಾ? ಹೂಬಿಡುವ ಸಸ್ಯಗಳಲ್ಲಿ ಆ ಖಂಡದ ಸ್ವಂತ ಜಾತಿಗಳು ಎರಡೇ. ೧೯೮೫ರ ಸುಮಾರಿಗೆ ಕಿಂಗ್ ಜಾರ್ಜ್ ದ್ವೀಪದಲ್ಲಿ ಹೊರನಾಡಿನ ಸಾಮಾನ್ಯ ಹುಲ್ಲೊಂದು ಮನುಷ್ಯನ ಬೆನ್ನುಹತ್ತಿ ಬಂದು ಬೇರೂರಿತು. ಅದನ್ನು ಕಿತ್ತೊಗೆಯಲು ಬಹುಕಾಲ ಹೆಣಗಬೇಕಾಯಿತು. ೨೦೨೩ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ದಕ್ಷಿಣ ಜಾರ್ಜಿಯಾ ದ್ವೀಪವನ್ನು ಮುಟ್ಟಿತು. ೨೦೨೪ರ ಫೆಬ್ರವರಿಯಲ್ಲಿ ಖಂಡದ ನೆಲದಲ್ಲಿಯೂ ಕಾಣಿಸಿತು. ಅದನ್ನು ತಂದವು ಹಾರುವ ಹಕ್ಕಿಗಳೇ ಇರಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಹಿಕ್ಕೆ ಮೆಟ್ಟಿದ ಬೂಟು ಆ ರೋಗವನ್ನು ಒಂದು ದಡದಿಂದ ಮತ್ತೊಂದು ದಡಕ್ಕೆ ಹೊತ್ತೊಯ್ಯಬಾರದಷ್ಟೆ. ಆದ್ದರಿಂದಲೇ ಈಗ ದಡದಲ್ಲಿ ಕುಳಿತುಕೊಳ್ಳುವುದೂ ಚೀಲ ಇಳಿಸುವುದೂ ನಿಷಿದ್ಧ.

ಅನಂತರ ಸುಮಾರು ೮೦೦ ಕಿಲೋಮೀಟರು ಅಗಲದ ಡ್ರೇಕ್ ಜಲಸಂಧಿ. ಎರಡು ದಿನಗಳ ಹೊಯ್ದಾಟ. ಆಗ ಹಡಗಿನ ಹಿಂದೆ ಆಲ್ಬಟ್ರಾಸ್ ಎಂಬ ಮಹಾಪಕ್ಷಿ ತೇಲಿಬರುತ್ತದೆ. ಅಲೆಮಾರಿ ಆಲ್ಬಟ್ರಾಸಿನ ರೆಕ್ಕೆಗಳ ಹರವು ಮೂರೂವರೆ ಮೀಟರಿನವರೆಗೂ ಉಂಟು. ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಮೀನುಗಾರರ ಉದ್ದನೆಯ ಗಾಳದ ಸಾಲುಗಳಿಗೆ ಸಿಕ್ಕಿ ಒಂದು ಹಕ್ಕಿ ಸತ್ತರೆ ಆ ನಷ್ಟ ತುಂಬಲು ಎಷ್ಟು ವರ್ಷ ಬೇಕು, ನೀವೇ ಲೆಕ್ಕ ಹಾಕಿ.

ನಮ್ಮ ದೇಶವೂ ೧೯೮೩ರಲ್ಲಿ ಅಂಟಾರ್ಕ್ಟಿಕ ಒಪ್ಪಂದಕ್ಕೆ ಸೇರಿತು. ೨೦೨೨ರಲ್ಲಿ ಅದಕ್ಕೆಂದೇ ಕಾಯಿದೆ ಮಾಡಿತು. ಅಷ್ಟು ದೂರದ ಯಾತ್ರೆ ನಮ್ಮಲ್ಲಿ ಎಷ್ಟು ಜನಕ್ಕೆ ಸಾಧ್ಯ? ಗುಡವಿಯಾದರೋ ಹತ್ತಿರವೇ ಇದೆ. ಮುಂದಿನ ಮಳೆಗಾಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಸದ್ದು ಮಾಡದೆ ದೂರ ನಿಂತು ನೋಡಿ. ಹೊರಡುವಾಗ ನೀವು ತಂದ ಬುತ್ತಿಯ ಕಾಗದ, ಪ್ಲಾಸ್ಟಿಕ್ಕು ಎಲ್ಲವನ್ನೂ ನಿಮ್ಮ ಚೀಲದಲ್ಲಿಯೇ ಹಿಂದಕ್ಕೆ ತನ್ನಿ. ಆ ಕೆಲಸಕ್ಕೆ ಕಾಯಿದೆಯೂ ಬೇಡ, ಹಡಗೂ ಬೇಡ.